ಒಂದು ಗಂಟೆಯ ಮೂರು ನಿಮಿಷ

ನಮ್ಮ ಊರಿನಲ್ಲಿ ಹುಟ್ಟಿದವರು ಓಡಿದರೆ ಕ್ಯಾಮೆರಾಗೆ ಸಿಗುವುದಿಲ್ಲ. ನಿಂತರೆ ಸಿಗುತ್ತಾರೆ, ಕೂತರೆ ಸಿಗುತ್ತಾರೆ, ಮಾಮೂಲಿ ನಡಿಗೆಯಲ್ಲಿ ನಡೆದರೂ ಮುಖ ಮೂಗು ಸರಿಯಾಗಿಯೇ ಬರುತ್ತದೆ. ಹೆಜ್ಜೆ ಬಿರುಸಾಯಿತೋ, ಒದ್ದೆ ಬೆರಳಿನಿಂದ ಒರೆಸಿದ ಹಾಗೆ ಬಣ್ಣವೆಲ್ಲ ಕಲಸಿಕೊಂಡುಬಿಡುತ್ತದೆ. ಹೊರಗಿನವರು ಬಂದು ನಮ್ಮ ಮೈದಾನದಲ್ಲಿ ಓಡಿದರೆ ಅವರ ಷೂವಿನ ಲೇಸು ಕೂಡ ಕಾಣುತ್ತದೆ. ನಮ್ಮವರು ಯಾವ ಊರಿಗೆ ಹೋಗಿ ಓಡಿದರೂ ಬರೀ ಗೀರು. ಎಂಥ ಕ್ಯಾಮೆರಾ ತಂದರೂ ಅಷ್ಟೇ.

ಇಪ್ಪತ್ತಾರು ವರ್ಷದಿಂದ ನಾನು ಇಲ್ಲಿ ವಿಡಿಯೋ ತೆಗೆಯುತ್ತಿದ್ದೇನೆ. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನನ್ನ ಸ್ಟುಡಿಯೋ. ನನ್ನ ಹೆಸರು ವನಮಾಲಾ, ಆದರೆ ಮದುವೆ ಮನೆಗಳಲ್ಲಿ ನನ್ನನ್ನು 'ನಿಧಾನ ಅಕ್ಕ' ಅನ್ನುತ್ತಾರೆ. 'ನಿಧಾನ, ನಿಧಾನ' ಅನ್ನುವುದೇ ನನ್ನ ಕಸುಬು. ನಮ್ಮಲ್ಲಿ ಮದುಮಕ್ಕಳು ಹಾರವನ್ನು ತುಂಬಿದ ಕೊಡ ಇಳಿಸುವ ಹಾಗೆ ಇಳಿಸುತ್ತಾರೆ. ಅಕ್ಷತೆಯನ್ನು ಯಾರೂ ಎಸೆಯುವುದಿಲ್ಲ, ಹತ್ತಿರ ಹೋಗಿ ತಲೆಯ ಮೇಲೆ ಇಟ್ಟು ಬರುತ್ತಾರೆ. ಶಾಲೆಯ ಓಟದ ಸ್ಪರ್ಧೆಯ ದಿನ ತಾಯಂದಿರು ಮಕ್ಕಳಿಗೆ ಬೇರೆ ಬೇರೆ ಬಣ್ಣದ ಅಂಗಿ ಹಾಕಿ ಕಳಿಸುತ್ತಾರೆ. ಆಮೇಲೆ ವಿಡಿಯೋ ನೋಡುತ್ತಾ, "ಅಗೋ, ಆ ಹಳದಿ ಗೀರು ನಮ್ಮ ಪುಟ್ಟಿ" ಎಂದು ಹಿಗ್ಗುತ್ತಾರೆ. ಹೀಗೇ ನಡೆದುಕೊಂಡು ಹೋಗುತ್ತಿತ್ತು. ಇದರಲ್ಲಿ ಯಾರಿಗಾದರೂ ನಷ್ಟವಿದೆ ಎಂದು ನನಗೆ ಅನ್ನಿಸಿರಲಿಲ್ಲ.

ನಷ್ಟ ಅನುಭವಿಸಿದವರು ಇನಾಯತ್ ಮೇಷ್ಟ್ರು. ಹುಡುಗಿಯರ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಇಪ್ಪತ್ತೆರಡರ ವಯಸ್ಸಿನಲ್ಲಿ ದೂರದ ಒಂದು ಊರಿನಲ್ಲಿ ನಾನೂರು ಮೀಟರ್ ಓಡಿ ಮೊದಲು ಗೆರೆ ಮುಟ್ಟಿದ್ದರಂತೆ. ಪಕ್ಕದವನಿಗೂ ಇವರಿಗೂ ಒಂದು ಗೇಣು ಅಂತರ. ತೀರ್ಪುಗಾರರು ಗೆರೆಯ ಬಳಿಯ ಫೋಟೋ ತರಿಸಿ ನೋಡಿದರು. ಫೋಟೋದಲ್ಲಿ ಪಕ್ಕದವನಿದ್ದ, ಇವರಿರಲಿಲ್ಲ. ಪದಕ ಅವನ ಕೊರಳಿಗೆ ಹೋಯಿತು. ಮೇಷ್ಟ್ರು ಇದನ್ನು ನಗುನಗುತ್ತಲೇ ಹೇಳುತ್ತಾರೆ, ಹೇಳಿದ ಮೇಲೆ ಸ್ವಲ್ಪ ಹೊತ್ತು ಕನ್ನಡಕ ಒರೆಸುತ್ತಾ ಕೂರುತ್ತಾರೆ.

ಅವರು ಒಂದು ಮಧ್ಯಾಹ್ನ ಚಂಪಾ ಎಂಬ ಹುಡುಗಿಯನ್ನು ಕರೆದುಕೊಂಡು ನನ್ನ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಹದಿನಾರು ವರ್ಷದ ಹುಡುಗಿ. ಎರಡೂ ಮೊಣಕಾಲ ಚಿಪ್ಪಿನ ಮೇಲೆ ಹಳೆಯ ಗಾಯದ ಕಲೆ. ತಾಯಿ ಪುಟ್ಟಗೌರಿ ಇಸ್ತ್ರಿ ಅಂಗಡಿ ಇಟ್ಟಿದ್ದವಳು, ನನ್ನ ಸೀರೆಗಳೂ ಅಲ್ಲಿಗೇ ಹೋಗುತ್ತಿದ್ದವು. ಚಂಪಾ ಖೋ ಖೋ ಆಡುತ್ತಾಳೆ ಎಂದು ಗೊತ್ತಿತ್ತು. ಅಟ್ಟಿಸಿಕೊಂಡು ಹೋಗಿ ಕಂಬ ಹಿಡಿದು ಮೈ ಬಿಸಾಡಿ ಎದುರಾಳಿಯನ್ನು ಮುಟ್ಟುವುದರಲ್ಲಿ ಅವಳಂಥವಳು ಇಲ್ಲ ಎಂದು ಊರೇ ಹೇಳುತ್ತಿತ್ತು.

"ಕ್ರೀಡಾ ಹಾಸ್ಟೆಲ್‌ನೋರು ಈ ವರ್ಷ ಹೊಸ ನಿಯಮ ಮಾಡಿದಾರೆ ವನಮಾಲಮ್ಮ," ಎಂದರು ಮೇಷ್ಟ್ರು. "ಮೊದಲು ಪಂದ್ಯದ್ದು ಮೂರು ನಿಮಿಷದ ವಿಡಿಯೋ ಕಳಿಸ್ಬೇಕು. ಅದನ್ನ ನೋಡಿ ಇಷ್ಟ ಆದ್ರೆ ಮಾತ್ರ ಕರೀತಾರೆ. ಹನ್ನೆರಡು ದಿನ ಇದೆ."

ಕಳೆದ ತಿಂಗಳು ಮೇಲಿನ ಬೀದಿ ತಂಡಕ್ಕೂ ಕೆರೆ ಬೀದಿ ತಂಡಕ್ಕೂ ನಡೆದ ಪಂದ್ಯವನ್ನು ನಾನೇ ತೆಗೆದಿದ್ದೆ. ಹಾಕಿ ತೋರಿಸಿದೆ. ಸಾಲಾಗಿ ಕೂತ ಎಂಟು ಹುಡುಗಿಯರು ಮುತ್ತಿನ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದರು. ಅವರ ನಡುವೆ ಎರಡು ಮೂರು ಮಬ್ಬು ಬಣ್ಣಗಳು ಆ ಕಡೆಗೂ ಈ ಕಡೆಗೂ ಹರಿಯುತ್ತಿದ್ದವು.

"ಇದರಲ್ಲಿ ನೀಲಿ ಗೀರು ನಾನು," ಎಂದಳು ಚಂಪಾ. ಸ್ವಲ್ಪ ತಡೆದು, "ಇದನ್ನ ಸರಿ ಮಾಡೋಕಾಗುತ್ತಾ ಅಕ್ಕ? ಹೊರಗಿನೋರು ಒಬ್ಬರಾದ್ರೂ ನಾನು ಆಡೋದನ್ನ ನೋಡ್ಬೇಕು," ಎಂದಳು.

ಬೇಡಿಕೊಂಡಂತೆ ಇರಲಿಲ್ಲ ಅವಳ ದನಿ. ಅದಕ್ಕೇ ನನಗೆ ಇಲ್ಲ ಅನ್ನಲಾಗಲಿಲ್ಲ.

ಮಸುಕು ಚಿತ್ರಗಳನ್ನು ತಿದ್ದುವ ಒಂದು ಹೊಸ ಸಾಫ್ಟ್‌ವೇರ್ ಬಂದಿದೆ ಎಂದು ಕೇಳಿದ್ದೆ. ತರಿಸಿ ಹಾಕಿದೆ. ಅದು ಎರಡು ದಿನ ಗುರುಗುಟ್ಟಿ ಮೂರು ನಿಮಿಷದ ಚಿತ್ರ ಹೊರಗೆ ಕೊಟ್ಟಿತು. ಮೊದಲ ಸಲ ನೋಡಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಅಷ್ಟು ಸ್ಪಷ್ಟ! ಕಾಲಿನಿಂದ ಎದ್ದ ಮಣ್ಣು, ಹಾರುವ ಜಡೆ, ಹಲ್ಲು ಕಚ್ಚಿದ ಮುಖ, ಎಲ್ಲವೂ ಇತ್ತು. ತಾಯಿ, ಮಗಳು ಇಬ್ಬರನ್ನೂ ಕರೆಸಿದೆ. ಮೇಷ್ಟ್ರೂ ಬಂದರು.

ಚಂಪಾ ಕೊನೆಯವರೆಗೂ ನೋಡಿ, "ಚೆನ್ನಾಗಿ ಆಡ್ತಾಳೆ," ಎಂದಳು. "ಯಾರಿದು?"

ಆಗ ನಾನೂ ಸರಿಯಾಗಿ ನೋಡಿದೆ. ಮೊಣಕಾಲ ಮೇಲೆ ಕಲೆಗಳಿರಲಿಲ್ಲ. ಮೂಗು ಯಾರದೋ. ಗೊತ್ತಿಲ್ಲದ ಕಡೆಗಳಲ್ಲೆಲ್ಲ ಅದು ತಾನು ಬೇರೆಲ್ಲೋ ಕಂಡ ಹುಡುಗಿಯರನ್ನು ತಂದು ತುಂಬಿಸಿತ್ತು.

"ಇವಳು ಬಲಗೈಲಿ ಕಂಬ ಹಿಡೀತಿದಾಳೆ. ನಂದು ಎಡಗೈ," ಎಂದಳು ಚಂಪಾ.

"ಎಡಗೈಯೋ ಬಲಗೈಯೋ, ಕಳಿಸ್ರೀ ಅಕ್ಕ," ಎಂದಳು ಪುಟ್ಟಗೌರಿ. "ಅಲ್ಲಿಗೆ ಹೋದ್ಮೇಲೆ ಓಡೋದು ಇವಳೇ ತಾನೆ? ಸುಳ್ಳೇನು ಬಂತು ಇದರಲ್ಲಿ?"

"ಅಲ್ಲಿ ನಿಂತಾಗ ಈ ಹುಡುಗಿ ಎಲ್ಲಮ್ಮಾ ಅಂತ ಕೇಳಿದ್ರೆ ಯಾರನ್ನ ತೋರಿಸ್ಲಿ?"

"ಕೇಳಲ್ಲ ಕಣೇ. ಕರೆಸ್ಕೊಂಡ್ಮೇಲೆ ಯಾರೂ ಕೇಳಲ್ಲ."

"ನಾನು ಕೇಳ್ಕೋತೀನಲ್ಲಮ್ಮ."

ಮೇಷ್ಟ್ರು ಕನ್ನಡಕ ತೆಗೆದರು. ಪುಟ್ಟಗೌರಿಗೆ ಸಿಟ್ಟು ಬಂದಿತ್ತು. ಮಗಳು ಹಾಸ್ಟೆಲು ಸೇರಿದರೆ ಓದು, ಆಟ ಎರಡೂ ಸಾಗುತ್ತವೆ ಎಂಬುದು ಅವಳ ಮನಸ್ಸಿನಲ್ಲಿ ವರ್ಷದಿಂದ ಕುದಿಯುತ್ತಿದ್ದ ಆಸೆ. ಚಪ್ಪಲಿ ಮೆಟ್ಟುತ್ತಾ ಹೇಳಿದಳು: "ಹಾಗಾದ್ರೆ ನಿಧಾನಕ್ಕೆ ಆಡ್ರೇ! ಮದುವೇಲಿ ಹಾರ ಹಾಕಲ್ವಾ, ಹಾಗೆ ನಿಧಾನಕ್ಕೆ ಓಡಿ. ಆಗಾದ್ರೂ ಈ ಅಕ್ಕನ ಕ್ಯಾಮೆರಾಗೆ ಸಿಗ್ತೀರ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಮೇಷ್ಟ್ರು ನನ್ನ ಕಡೆ ನೋಡಿದರು, ನಾನು ಮೇಷ್ಟ್ರ ಕಡೆ ನೋಡಿದೆ.

ಲೆಕ್ಕ ಹಾಕಿದೆವು. ಇಪ್ಪತ್ತು ಪಟ್ಟು ನಿಧಾನವಾಗಿ ಆಡಿದರೆ ಓಟ ನಡಿಗೆಗಿಂತಲೂ ನಿಧಾನವಾಗುತ್ತದೆ, ಬಿರುಸಿನ ತಿರುವುಗಳೂ ಕ್ಯಾಮೆರಾಗೆ ಸಿಗುತ್ತವೆ. ಮೂರು ನಿಮಿಷದ ಆಟಕ್ಕೆ ಒಂದು ಗಂಟೆ. ಆಮೇಲೆ ನಾನು ಅದನ್ನು ಇಪ್ಪತ್ತು ಪಟ್ಟು ವೇಗದಲ್ಲಿ ಓಡಿಸುತ್ತೇನೆ. ಹೊಸ ಆಟ ಕಟ್ಟುವುದು ಬೇಡ, ಕಳೆದ ತಿಂಗಳ ಪಂದ್ಯದ ಅದೇ ಮೂರು ನಿಮಿಷವನ್ನು ಇದ್ದದ್ದು ಇದ್ದ ಹಾಗೆ ಆಡಬೇಕು ಎಂದು ಮೇಷ್ಟ್ರು ಹಟ ಹಿಡಿದರು. ಮಬ್ಬು ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ಯಾವ ಕ್ಷಣದಲ್ಲಿ ಯಾವ ಬಣ್ಣ ಎಲ್ಲಿತ್ತು ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡೆವು. ಅದರಲ್ಲಿ ಚಂಪಾ ಖೋ ಬೀಳುವ ಮೊದಲೇ ಎದ್ದು ಫೌಲು ಮಾಡಿದ್ದೂ ಇತ್ತು.

"ಅದನ್ನ ಬಿಟ್ಬಿಡಣ ಸಾರ್," ಎಂದಳು ಅವಳು ಮೆಲ್ಲಗೆ.

"ಫೌಲೂ ನಿಂದೇ ಕಣಮ್ಮ. ಎಡಗೈ ಬೇಕು, ಫೌಲು ಬೇಡ ಅಂದ್ರೆ ಹೇಗೆ?" ಎಂದರು ಮೇಷ್ಟ್ರು. ಅವಳು ನಕ್ಕು ಒಪ್ಪಿಕೊಂಡಳು.

ಕಷ್ಟವಾದದ್ದು ಯಶೋಧಳನ್ನು ಒಪ್ಪಿಸುವುದು. ಯಶೋಧ ಕೆರೆ ಬೀದಿ ತಂಡದ ಓಟಗಾರ್ತಿ. ಆ ಮೂರು ನಿಮಿಷದಲ್ಲಿ ಚಂಪಾ ಅಟ್ಟಿಸಿಕೊಂಡು ಹೋಗಿ ಕಂಬದ ಬಳಿ ಮುಟ್ಟಿದ್ದು ಅವಳನ್ನೇ. ಅವಳು ಔಟಾದ ಮೇಲೆಯೇ ಕೆರೆ ಬೀದಿಯವರು ಸೋತದ್ದು. ಆವತ್ತಿನಿಂದ ಅವರ ಬೀದಿಯ ಹುಡುಗಿಯರು ಅವಳೊಂದಿಗೆ ಸರಿಯಾಗಿ ಮಾತಾಡುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವಳ ಮನೆಯಂಗಳಕ್ಕೆ ನಾನು, ಚಂಪಾ ಹೋದಾಗ ಅವಳು ಬಟ್ಟೆ ಒಗೆಯುತ್ತಿದ್ದಳು. ಎತ್ತರದ, ಮಾತು ಕಡಿಮೆಯ ಹುಡುಗಿ. ಕೈಯಲ್ಲಿ ಹಿಂಡಿದ ಬಟ್ಟೆ ಹಿಡಿದುಕೊಂಡೇ ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ನಾನು ಮತ್ತೆ ಸೋಲ್ಬೇಕು," ಎಂದಳು. "ಅದೂ ಒಂದು ಗಂಟೆ ಹೊತ್ತು. ಊರೆಲ್ಲ ನೋಡ್ತಿರೋವಾಗ."

ಚಂಪಾ ತಲೆ ತಗ್ಗಿಸಿದಳು. "ಬೇರೆಯವರನ್ನ ನಿಲ್ಲಿಸ್ಬೋದು. ಆದ್ರೆ ನಿನ್ನ ಹಾಗೆ ತಪ್ಪಿಸ್ಕೊಳ್ಳೋಕೆ ಯಾರಿಗೂ ಬರಲ್ಲ. ನೀನು ಅಲ್ಲಿ ಬಗ್ಗಿ ಹಿಂದಕ್ಕೆ ತಿರುಗಿದ್ಯಲ್ಲ, ಅದಕ್ಕೇ ನಾನು ಅಷ್ಟು ದೂರ ಹಾರಿದ್ದು. ಬೇರೆ ಯಾರೇ ಆಗಿದ್ರೂ ಕೈ ಚಾಚಿದ್ರೆ ಸಾಕಾಗ್ತಿತ್ತು."

ಯಶೋಧ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಇನ್ನೊಂದು ಹಿಂಡಿದಳು, ಅದನ್ನೂ ಹಾಕಿದಳು. ಬಕೆಟ್ಟು ಖಾಲಿಯಾದ ಮೇಲೆ, "ಯಾವತ್ತು ಬರ್ಬೇಕು?" ಎಂದಳು.

ನಾಲ್ಕು ದಿನ ತಾಲೀಮು ನಡೆಯಿತು. ಐದನೆಯ ದಿನ ಬೆಳಗ್ಗೆ ಏಳಕ್ಕೆ ಮೈದಾನದಲ್ಲಿ ಜನ ಸೇರಿದರು. ನಾನು ಮೂರು ಕಡೆ ಕ್ಯಾಮೆರಾ ನಿಲ್ಲಿಸಿದೆ. ಪಂದ್ಯದ ಒಂದೊಂದು ಸೆಕೆಂಡಿಗೆ ಒಂದರಂತೆ, ಇಪ್ಪತ್ತು ಸೆಕೆಂಡಿಗೊಮ್ಮೆ ಮೇಷ್ಟ್ರು ಶಾಲೆಯ ಗಂಟೆ ಬಾರಿಸಬೇಕು. ಒಟ್ಟು ನೂರ ಎಂಬತ್ತು ಹೊಡೆತ. ಎಷ್ಟನೆಯ ಹೊಡೆತಕ್ಕೆ ಎಲ್ಲಿರಬೇಕು ಎಂಬುದು ಪ್ರತಿ ಹುಡುಗಿಗೂ ಬಾಯಿಪಾಠವಾಗಿತ್ತು.

ಅಂಥದ್ದನ್ನು ನಾನು ಮತ್ತೆ ನೋಡಲಾರೆ. ನೀರಿನ ತಳದಲ್ಲಿ ನಡೆಯುವವರ ಹಾಗೆ ಹುಡುಗಿಯರು ಓಡಿದರು. ಎತ್ತಿದ ಕಾಲು ಎತ್ತಿದಲ್ಲೇ ತೇಲುತ್ತಾ ಮುಂದೆ ಬರುತ್ತಿತ್ತು. 'ಖೋ' ಅನ್ನುವ ಬಾಯಿ ಹೂವಿನಂತೆ ಮೆಲ್ಲಗೆ ಅರಳಿ ಮೆಲ್ಲಗೆ ಮುಚ್ಚುತ್ತಿತ್ತು. ನೋಡಲು ಬಂದವರೂ ನಿಧಾನವಾಗಿಯೇ ಚಪ್ಪಾಳೆ ತಟ್ಟಬೇಕಿತ್ತು. ಹುರಿಗಡಲೆ ಮಾರುವ ಮುದುಕಪ್ಪ ಎರಡು ಅಂಗೈಗಳನ್ನು ಒಂದಕ್ಕೊಂದು ತಾಗಿಸಲು ಉಸಿರು ಕಟ್ಟಿ ಹೆಣಗುತ್ತಿದ್ದ. ಯಾರದೋ ಮಗು ಸೀನಿತು. ಒಂದು ಮೇಕೆ ನಡುವೆ ಬಂದು ಕೂತ ಹುಡುಗಿಯ ರಿಬ್ಬನ್ ಜಗಿಯಿತು. ಅವಳು ಅಲುಗಲಿಲ್ಲ, ಕಣ್ಣಲ್ಲಿ ಮಾತ್ರ ನೀರು ತುಂಬಿಕೊಂಡಿತ್ತು.

ನೂರ ಇಪ್ಪತ್ತೆಂಟನೆಯ ಹೊಡೆತಕ್ಕೆ ಯಶೋಧ ಕಂಬದ ಹತ್ತಿರ ಬಂದು ಒಂಟಿ ಕಾಲಿನ ಮೇಲೆ ಬಗ್ಗಿ ತಿರುಗಿದಳು. ಅಸಲಿ ಪಂದ್ಯದಲ್ಲಿ ಅದು ಎರಡು ಸೆಕೆಂಡಿನ ಮಾತು, ಇಲ್ಲಿ ನಲವತ್ತು. ಆ ನಲವತ್ತು ಸೆಕೆಂಡು ಅವಳ ಪಾದ ನೆಲಕ್ಕೆ ಅಂಟಿಸಿದಂತಿತ್ತು. ಅವಳ ಹಿಂದೆ ಚಂಪಾ ಎಡಗೈಯಲ್ಲಿ ಕಂಬ ಹಿಡಿದು ಹಾರಿದಳು. ಹಾರಿದಳು ಅಂದರೆ, ಮೇಲೆತ್ತಿ ಹಿಡಿದೆವು. ಹಾರಾಟವನ್ನು ನಿಧಾನ ಮಾಡುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲವಲ್ಲ. ನಾಲ್ವರು ಕೆಳಗೆ ಮಂಡಿಯೂರಿ ಅವಳ ಮೈಯನ್ನು ಅಂಗೈಗಳ ಮೇಲೆ ಹೊತ್ತು ಇಂಚಿಂಚಾಗಿ ಮುಂದಕ್ಕೆ ಸಾಗಿಸಿದರು. ಹೊಟ್ಟೆಯ ಕೆಳಗೆ ಇದ್ದದ್ದು ಪುಟ್ಟಗೌರಿಯ ಕೈ. ಇಸ್ತ್ರಿ ಪೆಟ್ಟಿಗೆ ಹಿಡಿದು ಗಟ್ಟಿಯಾದ ಕೈ ಅದು.

"ಇಷ್ಟು ಭಾರ ಯಾವಾಗ ಆದ್ಯೇ?" ಎಂದು ಪಿಸುಗುಟ್ಟಿದಳು.

"ನಗಿಸ್ಬೇಡಮ್ಮ," ಎಂದಳು ಚಂಪಾ ತುಟಿ ಅಲುಗಿಸದೆ.

ಅವಳ ಬೆರಳು ಯಶೋಧಳ ಬೆನ್ನನ್ನು ಮುಟ್ಟಿತು. ಯಶೋಧ ಆವತ್ತು ಹೇಗೆ ಮುಖ ಮುಚ್ಚಿಕೊಂಡು ಕುಸಿದಿದ್ದಳೋ ಹಾಗೇ, ನಿಧಾನವಾಗಿ, ಅಂಗೈಗಳನ್ನು ಮುಖದ ಕಡೆಗೆ ಎತ್ತುತ್ತಾ ಕುಸಿದಳು. ಆ ಕೈಗಳು ಮುಖ ತಲುಪುವವರೆಗೂ ನಾವೆಲ್ಲ ಅವಳ ಮುಖವನ್ನು ನೋಡಬೇಕಾಯಿತು. ಪಂದ್ಯದ ದಿನ ಅದನ್ನು ಯಾರೂ ನೋಡಿರಲಿಲ್ಲ. ನೂರ ಎಂಬತ್ತನೆಯ ಗಂಟೆ ಬಿದ್ದ ಮೇಲೆ ಕೆರೆ ಬೀದಿಯ ಹುಡುಗಿಯರು ಓಡಿ ಬಂದು ಅವಳನ್ನು ಸುತ್ತುವರಿದರು.

ಮಧ್ಯಾಹ್ನ ಸ್ಟುಡಿಯೋದಲ್ಲಿ ಎಲ್ಲರೂ ಸೇರಿ ನೋಡಿದೆವು. ಇಪ್ಪತ್ತು ಪಟ್ಟು ವೇಗದಲ್ಲಿ ಮೋಡಗಳು ಧಾವಿಸಿದವು, ಕಾಗೆಗಳು ಮಿಂಚಿ ಮಾಯವಾದವು, ಮೇಕೆ ಕಂಡಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೋಯಿತು. ನಮ್ಮ ಹುಡುಗಿಯರು ಮಾತ್ರ ಓಡಿದರು. ಮುಖ ಇಟ್ಟುಕೊಂಡು, ಮೂಗು ಇಟ್ಟುಕೊಂಡು, ಮೊಣಕಾಲಿನ ಕಲೆ ಇಟ್ಟುಕೊಂಡು ಓಡಿದರು. ಇನಾಯತ್ ಮೇಷ್ಟ್ರು ಎದ್ದು ಹೊರಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮಾತಾಡಿಸದೆ ಒಳಗೆ ಬಂದೆ.

ಅಸಲಿ ಮಬ್ಬು ವಿಡಿಯೋ, ನಿಧಾನಕ್ಕೆ ಆಡಿ ತೆಗೆದ ವಿಡಿಯೋ, ಎರಡನ್ನೂ ಕಳಿಸಿದೆವು. ಎರಡನೆಯದನ್ನು ಹೇಗೆ ತೆಗೆದೆವೆಂದು ಮೇಷ್ಟ್ರು ಎರಡು ಪುಟ ಬರೆದರು. ಒಂದನ್ನೂ ಮುಚ್ಚಿಡಲಿಲ್ಲ.

ಹದಿನೈದು ದಿನದ ಮೇಲೆ ಹಾಸ್ಟೆಲಿನ ತರಬೇತುದಾರರು ನನ್ನ ನಂಬರಿಗೇ ಫೋನ್ ಮಾಡಿದರು. ಗಟ್ಟಿ ದನಿಯ ಹೆಂಗಸು.

"ನಿಮ್ಮ ವಿಡಿಯೋ ಐದು ಸಲ ನೋಡಿದೆ," ಎಂದರು. "ಕಂಬದ ಹುಡುಗೀನ ನಾಲ್ಕು ಜನ ಎತ್ಕೊಂಡಿದಾರೆ. ಅವಳ ಜಿಗಿತ ನಾನು ಹೇಗಮ್ಮಾ ಅಳೀಲಿ? ಮಬ್ಬು ವಿಡಿಯೋದಲ್ಲಂತೂ ಏನೂ ಕಾಣಲ್ಲ."

"ಒಂದು ಸಲ ಕರೆಸಿ ನೋಡಿ ಮೇಡಂ."

"ಕಾಣದೇ ಇರೋದಕ್ಕೆ ಕರೆಸೋಕೆ ನಿಯಮ ಇಲ್ಲ. ಆದ್ರೆ ಇನ್ನೊಬ್ಬಳು, ಒಂಟಿ ಕಾಲಲ್ಲಿ ಬಗ್ಗಿ ತಿರುಗ್ತಾಳಲ್ಲ, ಯಾರವಳು? ವಿಡಿಯೋನ ಇಷ್ಟು ಜೋರಾಗಿ ಓಡಿಸಿದಾಗ ಮಿಕ್ಕವರೆಲ್ಲ ನಡುಗೋದು ಕಾಣುತ್ತೆ. ಅವಳೊಬ್ಬಳು ನಡುಗಲ್ಲ. ನಲವತ್ತು ಸೆಕೆಂಡ್ ಒಂದು ಕಾಲಲ್ಲಿ ಹಾಗೆ ನಿಲ್ಲೋ ಹುಡುಗಿ ನನ್ನ ಹತ್ರ ಒಬ್ಬಳೂ ಇಲ್ಲ. ಅವಳನ್ನ ಹದಿನಾರನೇ ತಾರೀಕು ಕಳಿಸಿ."

ಫೋನ್ ಇಟ್ಟೆ. ಅರ್ಜಿ ಹಾಕಿದ್ದು ಚಂಪಾ. ಆವತ್ತು ಇಸ್ತ್ರಿ ಅಂಗಡಿಯ ಮುಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ, ಸುತ್ತು ಬಳಸಿ ಮನೆಗೆ ಹೋದೆ. ಮಾರನೆಯ ದಿನ ಹೋಗಿ ಹೇಳಿದೆ. ಚಂಪಾ ಅಂಗಿಯೊಂದರ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪೂರ್ತಿ ಹಾಕಿ ಮುಗಿಸಿ, ಮಡಿಸಿ, ಗಂಟಿನ ಮೇಲಿಟ್ಟಳು. ಪುಟ್ಟಗೌರಿ ಬಾಯಿ ಬಿಡುವ ಮೊದಲೇ, "ಅವಳಿಗೆ ಹೇಳಿದ್ರಾ ಅಕ್ಕ?" ಎಂದಳು.

"ಇನ್ನೂ ಇಲ್ಲ."

"ನಾನೇ ಹೇಳ್ತೀನಿ."

ಆದರೆ ಅವಳು ಹೋಗಲಿಲ್ಲ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೈದಾನಕ್ಕೂ ಬರಲಿಲ್ಲ. ನಾನು ಒತ್ತಾಯ ಮಾಡಲಿಲ್ಲ, ಹದಿನಾರಕ್ಕೆ ಇನ್ನು ಎಂಟೇ ದಿನ ಉಳಿದಿದೆ ಎಂದು ಒಳಗೊಳಗೇ ಕಳವಳಪಡುತ್ತಿದ್ದೆ. ಮೂರನೆಯ ಸಂಜೆ ಪುಟ್ಟಗೌರಿ ಬಂದು ಹೇಳಿದಳು: "ಹೋದ್ಳು ಅಕ್ಕ. ಬೆಳಗ್ಗೆಯಿಂದ ಮೂರು ಸಲ ಚಪ್ಪಲಿ ಹಾಕ್ಕೊಂಡು ಮೂರು ಸಲ ತೆಗೆದ್ಳು. ನಾನು ಸುಮ್ನಿದ್ದೆ. ನಾಲ್ಕನೇ ಸಲ ಬರಿಗಾಲಲ್ಲೇ ಹೋದ್ಳು."

ಕೆರೆ ಬೀದಿಯ ಆ ಅಂಗಳದಲ್ಲಿ ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಯಶೋಧ ಮೊದಲು ಒಲ್ಲೆ ಅಂದಳಂತೆ. "ನೀನು ಹೋಗ್ದೇ ಇದ್ರೆ ನನಗೇನು ಕರೆ ಬರುತ್ತಾ?" ಎಂದು ಚಂಪಾ ಬೈದಳಂತೆ. ಮೇಷ್ಟ್ರು ಇಷ್ಟನ್ನು ಹೇಳಿ, "ಅಲ್ಲಿ ಪರೀಕ್ಷೇಲಿ ಒಳ್ಳೊಳ್ಳೆ ಹುಡುಗೀರು ಅಟ್ಟಿಸ್ಕೊಂಡು ಬರ್ತಾರೆ. ಅಭ್ಯಾಸಕ್ಕೆ ಯಾರಿದಾರೆ ಇಲ್ಲಿ? ಯಶೋಧನ್ನ ಹಿಡಿಯೋಳು ಅಂದ್ರೆ ಊರಲ್ಲಿ ಚಂಪಾ ಒಬ್ಬಳೇ," ಎಂದರು.

ಮುಂದಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಯಶೋಧ ಆಯ್ಕೆಯಾದಳು, ಈಗ ಅಲ್ಲಿಯೇ ಇದ್ದಾಳೆ. ನಮ್ಮ ಊರಿನವರನ್ನು ನೋಡಬೇಕಾದರೆ ಎದುರಿಗೇ ನಿಂತು ನೋಡಬೇಕು ಎಂದು ಅವಳು ಅಲ್ಲಿ ಹೇಳುತ್ತಲೇ ಬಂದಳು. ಮರುವರ್ಷ ಆ ಗಟ್ಟಿ ದನಿಯ ಮೇಡಂ ತಾವೇ ಬಂದು ನಮ್ಮ ಮೈದಾನದಲ್ಲಿ ಎರಡು ದಿನ ಕೂತರು. ಚಂಪಾಳನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋದರು. ಆದರೆ ಅದು ಹಾಗಾಗುತ್ತದೆಂದು ಆ ಎಂಟು ದಿನ ಯಾರಿಗೂ ಗೊತ್ತಿರಲಿಲ್ಲ, ಚಂಪಾಳಿಗಂತೂ ಇಲ್ಲವೇ ಇಲ್ಲ.

ಆ ಎಂಟು ದಿನ ಬೆಳಗಾಗುತ್ತಿದ್ದಂತೆ ಇಬ್ಬರೂ ಮೈದಾನದಲ್ಲಿರುತ್ತಿದ್ದರು. ಯಶೋಧ ಓಡುವಳು, ಚಂಪಾ ಅಟ್ಟುವಳು. ಮೊದಲ ದಿನ ಒಂದೂವರೆ ನಿಮಿಷಕ್ಕೆ ಹಿಡಿದಳು. ಮರುದಿನ ಎರಡು ನಿಮಿಷಕ್ಕೆ. ಒಂದು ದಿನವೂ ಬಿಟ್ಟುಕೊಡಲಿಲ್ಲ. ಬೇಕೆಂದೇ ಬಿಡುತ್ತಿದ್ದಾಳೆಯೇ ಎಂದು ಮೇಷ್ಟ್ರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಮಂಡಿಯ ಗಾಯ ಮತ್ತೆ ಬಿರಿದು ರಕ್ತ ಬಂತು, ಮಣ್ಣು ಉಜ್ಜಿಕೊಂಡು ಮತ್ತೆ ಓಡಿದಳು. ನಾನು ಕ್ಯಾಮೆರಾ ಒಯ್ಯುತ್ತಿರಲಿಲ್ಲ, ಪುಟ್ಟಗೌರಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.

ಎಂಟನೆಯ ದಿನ ಚಂಪಾ ಕಂಬ ಹಿಡಿದು ಹಾರಿದಳು. ಅಷ್ಟು ಉದ್ದದ ಹಾರಾಟವನ್ನು ನಾನು ನೋಡಿರಲಿಲ್ಲ. ಬೆರಳ ತುದಿಗೂ ಯಶೋಧಳ ಬೆನ್ನಿಗೂ ಒಂದು ಎಲೆಯಷ್ಟು ಜಾಗ ಉಳಿಯಿತು. ಯಶೋಧ ಬಳುಕಿ ಆಚೆಗೆ ಹೋಗಿಯೇಬಿಟ್ಟಳು. ಮೇಷ್ಟ್ರು ಸೀಟಿ ಊದಿದರು. ಖೋ ಖೋದ ಒಂದು ಸರದಿಯ ಒಂಬತ್ತು ನಿಮಿಷ ಮುಗಿದಿತ್ತು.

ಚಂಪಾ ಬಿದ್ದಲ್ಲೇ ಅಂಗಾತ ಮಲಗಿದ್ದಳು. ಏಟಾಯಿತೇನೋ ಎಂದು ನಾನು ಓಡಿದೆ. ಮುಖದ ತುಂಬ ಮಣ್ಣು, ಕಣ್ಣಿನ ಎರಡೂ ಕಡೆ ನೀರು ಇಳಿದ ಗೆರೆ. ಎದೆ ಏರಿಳಿಯುತ್ತಿತ್ತು.

"ಸಿಗಲಿಲ್ಲ ಅಕ್ಕ," ಎಂದಳು, ಉಸಿರು ಸಿಕ್ಕಿಕೊಂಡ ನಗುವಿನಲ್ಲಿ. "ಇನ್ನು ಅಲ್ಲೂ ಯಾರಿಗೂ ಸಿಗಲ್ಲ ಅವಳು."